ಪದ ಬೇಕು: ಗ್ಲಸ್ಟರ್‌ನ ‘ಸೆಲ್ಫ್ ಹೀಲ್’ಗೆ ಕನ್ನಡದಲ್ಲಿ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಗ್ಲಸ್ಟರ್ ಎಫ್‌ಎಸ್‌ಗೆ (ಹಲವು ಸರ್ವರುಗಳ ಡಿಸ್ಕ್ ಜಾಗವನ್ನು ಒಂದಾಗಿಸಿ ಫೈಲ್ ಇಡುವ ಸಾಫ್ಟ್‌ವೇರ್) ಟೆಸ್ಟ್ ಸ್ಕ್ರಿಪ್ಟ್ ಬರೆಯುವುದು ಹೇಗೆ ಅಂತ ಡಿಪ್ಲೊಮಾ ವಿದ್ಯಾರ್ಥಿಗಳಿಗೆ ಒಂದು ಕೈಪಿಡಿಯನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆ ಅಚ್ಚಿಗೆ ಹೋಗಬೇಕು. ‘ಸೆಲ್ಫ್ ಹೀಲ್’ ಹತ್ತಿರ ಕೆಲಸ ನಿಂತಿದೆ.

ಸಂದರ್ಭ ಇದು. ಒಂದೇ ಫೈಲಿನ ಮೂರು ಪ್ರತಿಗಳು ಮೂರು ಬ್ರಿಕ್‌ಗಳಲ್ಲಿ (ಬ್ರಿಕ್ ಅಂದರೆ ಸರ್ವರಿನಲ್ಲಿ ಫೈಲ್ ಇಡಲು ಕೊಟ್ಟ ಫೋಲ್ಡರ್) ಇರುತ್ತವೆ. ಸ್ಕ್ರಿಪ್ಟು ಒಂದು ಬ್ರಿಕ್‌ನ ಪ್ರೋಸೆಸ್ ನಿಲ್ಲಿಸುತ್ತದೆ, ಆ ಹೊತ್ತಲ್ಲಿ ಫೈಲಿಗೆ ಏನೋ ಬರೆಯುತ್ತದೆ, ಆಮೇಲೆ ಬ್ರಿಕ್ಕನ್ನು ಮತ್ತೆ ಎಬ್ಬಿಸುತ್ತದೆ. ಹಿಂದೆ ಬಿದ್ದ ಪ್ರತಿ ಉಳಿದ ಎರಡರಂತೆ ಆಗಬೇಕು, ಅದೇ ಸೆಲ್ಫ್ ಹೀಲ್. ಇನ್ನೂ ಹೀಲ್ ಆಗಬೇಕಾದವುಗಳ ಬಾಕಿ ಲೆಕ್ಕ ಸೊನ್ನೆಗೆ ಇಳಿಯುವವರೆಗೆ ‘ಎಕ್ಸ್‌ಪೆಕ್ಟ್ ವಿದಿನ್’ ಅನ್ನುವ ಸಾಲು ಕಾಯುತ್ತದೆ. ಗಡುವು ಮೀರಿದರೆ ಟೆಸ್ಟ್ ಫೇಲ್.

ಕಮಾಂಡುಗಳನ್ನು ಮುಟ್ಟುವುದಿಲ್ಲ, ವಿವರಣೆಗೆ ಮಾತ್ರ ಪದ ಬೇಕು. ‘ಸ್ವಯಂ ಚಿಕಿತ್ಸೆ’ ಅಂತ ಒಬ್ಬರು ಸೂಚಿಸಿದರು. ಅದು ಡಾಕ್ಟರನ್ನು ಕೇಳದೆ ಮಾತ್ರೆ ನುಂಗುವುದಕ್ಕೆ ಬಳಸುವ ಮಾತು, ಇಲ್ಲಿ ಹೊಂದಲ್ಲ.

———
ಮರು:

‘ಮಾಯು’ ಇದೆಯಲ್ಲ! ಗಾಯ ಮಾಯಿತು ಅನ್ನುವುದಿಲ್ಲವೇ? ಸಂಸ್ಕೃತದ ‘ಮಾಯಾ’ಗೂ ಇದಕ್ಕೂ ಸಂಬಂಧವಿಲ್ಲ, ಇದು ನಮ್ಮದೇ ಧಾತು. ‘ತಾನೇ ಮಾಯುವಿಕೆ’ ಅಂತ ಬರೆಯಿರಿ. ಹಾಗೇ ಆ ‘ಬ್ರಿಕ್’ ಯಾಕೆ? ‘ಇಟ್ಟಿಗೆ’ ಅನ್ನುವ ಅಚ್ಚಗನ್ನಡ ಪದ ಇರುವಾಗ ಇಂಗ್ಲಿಷಿಗೆ ಕೈಚಾಚಬೇಕಾ?

———
ಮರು:

> ‘ಇಟ್ಟಿಗೆ’ ಅನ್ನುವ ಅಚ್ಚಗನ್ನಡ ಪದ

ಅಲ್ಲ. ಸಂಸ್ಕೃತದ ‘ಇಷ್ಟಕಾ’ ಪ್ರಾಕೃತದ ದಾರಿ ಹಿಡಿದು ಬಂದು ಇಟ್ಟಿಗೆ ಆಗಿದೆ. ಕೇಶಿರಾಜ 13ನೇ ಶತಮಾನದಲ್ಲೇ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆ ಅಪಭ್ರಂಶ ಪ್ರಕರಣ ಅಂತ ಒಂದು ಭಾಗವನ್ನೇ ಮೀಸಲಿಟ್ಟ. ಅಂದು ಸಾಲ ತಂದದ್ದು ಅಚ್ಚಗನ್ನಡ, ಇಂದು ತಂದ ‘ಬ್ರಿಕ್’ ಮೈಲಿಗೆ ಅನ್ನುವುದು ಯಾವ ನ್ಯಾಯ?

‘ಮಾಯು’ ಕೂಡ ಬೇಡ. ‘ಫೈಲ್ ಮಾಯಿತು’ ಅಂತ ಓದಿದ ಹುಡುಗ ಫೈಲ್ ಮಾಯವಾಯಿತು ಅಂದುಕೊಳ್ಳುತ್ತಾನೆ. ಟೆಸ್ಟು ಹೇಳಬೇಕಾದದ್ದಕ್ಕೆ ಪೂರ್ತಿ ಉಲ್ಟಾ.

———
ಮರು:

ಇಟ್ಟಿಗೆ ವಿಷಯ ಒಪ್ಪಿದೆ. ‘ಮಾಯು’ ಬಿಟ್ಟುಕೊಡಲಾರೆ. ಓದುಗರಿಗೆ ಗೊತ್ತಿಲ್ಲ ಅಂತ ಒಂದೊಂದೇ ಪದ ಕೈಬಿಡುತ್ತಾ ಹೋದರೆ ಕೊನೆಗೆ ವಿಭಕ್ತಿ ಪ್ರತ್ಯಯ ಮಾತ್ರ ಕನ್ನಡದ್ದಾಗಿ ಉಳಿಯುತ್ತದೆ.

———
ಮರು:

ಸ್ಟೋರೇಜ್ ಕೆಲಸದಲ್ಲಿರುವವನು ನಾನು. ಗಾಯ ಹೋದರೆ ಒಳ್ಳೆಯದೇ, ಫೈಲ್ ಹೋಗಬಾರದಲ್ವಾ? ಹಾಗಾಗಿ ‘ಮಾಯು’ ಇಲ್ಲಿ ಅಪಾಯ.

ಇನ್ನೊಂದು ಮಾತು. ‘ನಕಲು’, ‘ಸಿಂಕ್’ ಅಂತಲೂ ಬರೆಯಬೇಡಿ. ಹೀಲ್ ಅಂದರೆ ಸುಮ್ನೆ ನಕಲು ಮಾಡುವುದಲ್ಲ. ಒಂದು ಬ್ರಿಕ್ ಮಲಗಿದ್ದಾಗ ‘ಅದಕ್ಕೆ ಇಷ್ಟು ಬಾಕಿ ಇದೆ’ ಅಂತ ಎದ್ದಿದ್ದ ಬ್ರಿಕ್‌ಗಳು ಫೈಲಿನ ಎಕ್ಸ್‌ಟೆಂಡೆಡ್ ಆಟ್ರಿಬ್ಯೂಟ್‌ನಲ್ಲಿ (ಫೈಲಿಗೆ ಅಂಟಿಸಿದ ಹೆಚ್ಚುವರಿ ಮಾಹಿತಿ) ಗುರುತು ಇಟ್ಟುಕೊಂಡಿರುತ್ತವೆ. ಆ ಗುರುತು ನೋಡಿಯೇ ಯಾವುದು ಸರಿ, ಯಾವುದು ಹಳತು ಅಂತ ತೀರ್ಮಾನ. ಎರಡು ಪ್ರತಿಗಳು ಒಂದರ ಮೇಲೊಂದು ಬಾಕಿ ಹೊರಿಸಿದರೆ ಅದು ಸ್ಪ್ಲಿಟ್ ಬ್ರೈನ್. ಆಗ ತಾನಾಗಿ ಏನೂ ಸರಿಯಾಗಲ್ಲ, ಯಾವ ಪ್ರತಿ ಇರಬೇಕು ಅಂತ ಮನುಷ್ಯನೇ ಹೇಳಬೇಕು, ಇಲ್ಲವೇ ಮೊದಲೇ ಒಂದು ನಿಯಮ ಹಾಕಿಟ್ಟಿರಬೇಕು. ಪದದಲ್ಲಿ ‘ಸರಿ’ ಇರಲೇಬೇಕು. ‘ತಾನಾಗಿ ಸರಿಹೋಗುವುದು’ ಅನ್ನಿ.

ಕೈಪಿಡಿಯಲ್ಲಿ ಇದನ್ನೂ ಸೇರಿಸಿ: ಹೀಲ್ ಡೀಮನ್ (ಹಿನ್ನೆಲೆಯಲ್ಲಿ ಓಡುತ್ತಲೇ ಇರುವ ಪ್ರೋಗ್ರಾಂ) 600 ಸೆಕೆಂಡಿಗೊಮ್ಮೆ ಬಾಕಿ ಪಟ್ಟಿ ನೋಡುವುದು ಡೀಫಾಲ್ಟ್. ಸ್ಕ್ರಿಪ್ಟು ಅಷ್ಟು ಹೊತ್ತು ಕಾಯಬಾರದು. ಬ್ರಿಕ್ ಎದ್ದ ಮೇಲೆ ಹೀಲ್ ಕಮಾಂಡನ್ನು ನಾವೇ ಕೊಟ್ಟು, ಆಮೇಲೆ ಲೆಕ್ಕ ನೋಡಬೇಕು.

———
ಮರು:

ಉಪಕಾರವಾಯಿತು. ಮೊದಲ ಸಲ ಬಂದಾಗ ‘ಹೀಲ್, ಅಂದರೆ ಹಿಂದೆ ಬಿದ್ದ ಪ್ರತಿ ತಾನಾಗಿ ಸರಿಹೋಗುವುದು’, ಆಮೇಲೆಲ್ಲ ಬರೀ ‘ಸರಿಹೋಗು’. ಬ್ರಿಕ್ ಬ್ರಿಕ್ಕಾಗಿಯೇ ಇರುತ್ತದೆ, ಲಾಗ್‌ನಲ್ಲಿ ಹುಡುಕುವಾಗ ವಿದ್ಯಾರ್ಥಿಗೆ ಅದೇ ಪದ ಕಾಣುವುದು. ಸ್ಪ್ಲಿಟ್ ಬ್ರೈನ್‌ಗೆ ‘ಪ್ರತಿಗಳ ತಕರಾರು’ ಹಾಕಲೇ? ಬೆಳಿಗ್ಗೆ ಹತ್ತರೊಳಗೆ ಹೇಳಿದರೆ ಆ ಪುಟವನ್ನೂ ತಿದ್ದುತ್ತೇನೆ.