ಸಹಾಯ ಬೇಕು: ಚಿಕ್ಕ ಡಿವಿಡಿ ಪ್ಲೇಯರ್ ಯಾವುದು ತಗೊಳ್ಳಲಿ?

ನಮಸ್ಕಾರ. ಅಪ್ಪನ ಹತ್ರ ಯಕ್ಷಗಾನದ ವಿಸಿಡಿ, ಡಿವಿಡಿಗಳ ರಾಶಿಯೇ ಇದೆ. ಯೂಟ್ಯೂಬಲ್ಲಿ ಸಿಗುತ್ತೆ ಅಂದ್ರೆ ಕೇಳಲ್ಲ, ಅವರಿಗೆ ಅದೇ ಭಾಗವತರು, ಅದೇ ಆಟ ಬೇಕು. ಎರಡೂವರೆ ಸಾವಿರದೊಳಗೆ, ಟಿವಿ ಕೆಳಗಿನ ಸಣ್ಣ ಶೆಲ್ಫಲ್ಲಿ ಕೂರೋ ಪ್ಲೇಯರ್ ಹುಡುಕ್ತಿದ್ದೀನಿ.

ಹೊಸ ಟಿವಿಯಲ್ಲಿ ಕೆಂಪು-ಬಿಳಿ-ಹಳದಿ ಸಾಕೆಟ್ ಇಲ್ಲ, ಹಾಗಾಗಿ ಎಚ್‌ಡಿಎಂಐ ಇರಲೇಬೇಕು. ಡಬ್ಬಿ ಮೇಲಿನ '1080ಪಿ'ಗೆ ನಾನು ಮರುಳಾಗಲ್ಲ. ಪಾಲ್ (ನಮ್ಮ ದೇಶದ ಟಿವಿ ಪದ್ಧತಿ) ಡಿವಿಡಿಯಲ್ಲಿರೋದೇ 720×576 ಪಿಕ್ಸೆಲ್, ವಿಸಿಡಿಯಲ್ಲಂತೂ 352×288. ಹಿಗ್ಗಿಸಿ ತೋರಿಸಬಹುದು ಅಷ್ಟೇ.

ನಿಜವಾದ ತಲೆನೋವು ಗೀರು ಬಿದ್ದ ಡಿಸ್ಕುಗಳದ್ದು. ಅಗ್ಗದ ಪ್ಲೇಯರ್‌ಗಳು ಇವನ್ನ ಓದ್ತವಾ, ಇಲ್ಲ ಪ್ರಸಂಗದ ಮಧ್ಯೆ ನಿಂತುಬಿಡ್ತವಾ? ಆರೇಳು ತಿಂಗಳಾದ್ರೂ ಬಳಸಿದವರು ಹೇಳಿದ್ರೆ ಒಳ್ಳೇದು; ಬಂದ ದಿನವೇ ಐದು ಸ್ಟಾರ್ ಕೊಟ್ಟ ರಿವ್ಯೂ ಓದಿ ಸಾಕಾಗಿದೆ.

ಅಕ್ಕ ಅಮೆರಿಕದಿಂದ ತಂದ ರೀಜನ್ 1 ಡಿಸ್ಕುಗಳೂ ಇವೆ (ರೀಜನ್ ಅಂದ್ರೆ ಡಿಸ್ಕು ಯಾವ ಭಾಗದ ದೇಶಗಳ ಪ್ಲೇಯರಲ್ಲಿ ಓಡುತ್ತೆ ಅನ್ನೋ ಕೋಡ್), ನಮ್ಮದು ರೀಜನ್ 5. ಎಲ್ಲ ರೀಜನ್ ಓದೋ ಮಾದರಿ ಈ ಬೆಲೆಗೆ ಸಿಗುತ್ತಾ? ರಿಮೋಟ್ ಕಳೆದ್ರೆ ಪ್ಲೇಯರ್ ಮೇಲಿನ ಬಟನ್ನಲ್ಲೇ ಮೆನು ನಡೆಸೋಕಾಗುತ್ತಾ? ನಮ್ಮನೇಲಿ ರಿಮೋಟ್ ಕಳೆಯೋದು ಗ್ಯಾರಂಟಿ.

ಮಾದರಿ ಹೆಸರು, ಕೊಂಡ ಬೆಲೆ ತಿಳಿಸಿ. ಸೆಕೆಂಡ್ ಹ್ಯಾಂಡ್ ಆದ್ರೂ ಪರವಾಗಿಲ್ಲ.