ಬುದ್ಧನ ಲೆಕ್ಕದಲ್ಲಿ ಔಷಧಿ ಅಂಗಡಿ ತಪ್ಪಾ?

ಸಕಲೇಶಪುರದವ: ನಮ್ಮದು ಗೊಬ್ಬರ, ತೋಟದ ಔಷಧಿ ಅಂಗಡಿ. ಬುದ್ಧ ಐದು ವ್ಯಾಪಾರ ಬೇಡ ಎಂದಿದ್ದಾನಂತೆ: ಆಯುಧ, ಜೀವಿಗಳು, ಮಾಂಸ, ಮದ್ಯ, ವಿಷ. ಡಬ್ಬಿ ಮೇಲಿನ ಕೆಂಪು ತ್ರಿಕೋನ, ಅಂದರೆ ಕಡು ವಿಷದ ಗುರುತು, ಕಂಡಾಗೆಲ್ಲ ಹೊಟ್ಟೆ ಚುರುಕ್ ಅನ್ನುತ್ತದೆ.

ಮೂಡಿಗೆರೆ ಕಾಫಿ: ಪಟ್ಟಿ ಸರಿ ಇದೆ. ಆದರೆ ಸಮ್ಯಕ್ ಆಜೀವ, ಅಂದರೆ ಸರಿಯಾದ ದುಡಿಮೆ, ಬುದ್ಧ ಹೇಳಿದ ದಾರಿಯ ಎಂಟು ಅಂಗಗಳಲ್ಲಿ ಒಂದು ಅಷ್ಟೇ, ಉದ್ದೇಶವನ್ನೇ ಕರ್ಮ ಎಂದವನೂ ಅವನೇ ಅಲ್ವಾ? ಹೋದ ವರ್ಷ ಮಳೆಗೆ ಮೆಣಸು ಉದುರಿದಾಗ ರಾತ್ರಿಯೆಲ್ಲ ಒದ್ದಾಡಿದೆ, ದುಃಖಕ್ಕೆ ಮೂಲ ತಣ್ಹಾ, ಅಂದರೆ ಬೇಕು ಬೇಕು ಅನ್ನೋ ದಾಹ, ಎಂದು ಆಗ ಹೊಳೆಯಿತು. ಮಳೆಯೇನೂ ನಿಲ್ಲಲಿಲ್ಲ ಬಿಡಿ.

ಹಾಸನದ ಹುಡುಗಿ: ಅಣ್ಣಾ, ಕುಡಿದು ಬಂದವನಿಗೂ ಆ ಡಬ್ಬಿ ಕೊಡುತ್ತೀರಾ? ಹೊಡೆಯುವಾಗ ಕೈಗವಸು ಹಾಕಿಕೋ ಎಂದು ಹೇಳುತ್ತೀರಾ? ಮೊದಲು ಅದನ್ನು ನೋಡಿ.

ಸಕಲೇಶಪುರದವ: ಕೈಗವಸು ತರಿಸಿದ್ದೇನೆ, ಯಾರೂ ಕೊಳ್ಳಲ್ಲ. ನಾಳೆಯಿಂದ ಡಬ್ಬಿ ಜೊತೆ ಸುಮ್ನೆ ಕೊಟ್ಟುಬಿಡುತ್ತೇನೆ.