ಸೊನ್ನೆ ಬಿಲ್ಲೂ ಮೂರು ದಿನದ ಕತ್ತಲೂ

ಮೂಡಿಗೆರೆ ತೋಟದವ:
ಹಳೇ ಕಾಲದವನು ಅಂತ ಬೈದರೂ ಸರಿ, ಕೇಳಿಬಿಡುತ್ತೇನೆ. 2023ರಲ್ಲಿ ರಾಜ್ಯ ಸರ್ಕಾರದ ಉಚಿತ ಕರೆಂಟ್ ಯೋಜನೆ ಗೃಹಜ್ಯೋತಿ ಬಂದ ಮೇಲೆ ನಮ್ಮ ಮನೆಗೂ ಸೊನ್ನೆ ಬಿಲ್ಲೇ, ಸುಳ್ಳೇಕೆ ಹೇಳಲಿ. ಆದರೆ ಮಳೆಗಾಲದಲ್ಲಿ ಲೈನ್ ಮೇಲೆ ಮರ ಬಿದ್ದರೆ ಮೂರು ದಿನ ಕತ್ತಲೆ. ಆ ದುಡ್ಡಲ್ಲಿ ಮೊದಲು ತಂತಿ, ಕಂಬ ಸರಿ ಮಾಡಬಾರದಾ? ಇನ್ನೊಂದು, 200 ಯೂನಿಟ್ ಅನ್ನುವುದು ಮೇಲಿನ ಮಿತಿ ಅಷ್ಟೇ, ಲೆಕ್ಕ ಹಾಕಿದ್ದು ಅವರವರ ಮನೆಯ 2022-23ರ ಸರಾಸರಿ ಬಳಕೆ ಮೇಲೆ, ಅಂದರೆ ಲೈಟ್ ಆರಿಸಿ ಉಳಿಸಿದವನಿಗೆ ಕಮ್ಮಿ, ಸುಮ್ನೆ ಉರಿಸಿದವನಿಗೆ ಜಾಸ್ತಿ. ಇದು ಯಾವ ನ್ಯಾಯ?

ಹಾಸನದ ಹುಡುಗಿ:
ಅಂಕಲ್, ರೈತರ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಗೃಹಜ್ಯೋತಿಗೂ ಮುಂಚೆಯಿಂದಲೇ ಕರೆಂಟ್ ಉಚಿತ. ಆಗ ಯಾರೂ ಬಿಟ್ಟಿ ಅನ್ನಲಿಲ್ಲ ಅಲ್ವಾ? ನಮ್ಮಮ್ಮ ಉಳಿದ ದುಡ್ಡಲ್ಲಿ ಗ್ಯಾಸ್ ತರಿಸುತ್ತಾರೆ.

ಬೇಲೂರು ರಸ್ತೆ:
ಸೋಲಾರ್ ಹಾಕಿಸಿ. ಕೇಂದ್ರದ ಮನೆ ಸೋಲಾರ್ ಯೋಜನೆ ಸೂರ್ಯಘರ್‌ನಲ್ಲಿ 3 ಕಿಲೋವ್ಯಾಟ್‌ಗೆ 78,000 ರೂಪಾಯಿ ಸಬ್ಸಿಡಿ ಇದೆ.

ಮೂಡಿಗೆರೆ ತೋಟದವ:
ಜುಲೈನಲ್ಲಿ ಇಲ್ಲಿ ಸೂರ್ಯನ ಮುಖ ನೋಡಿದ್ದೀರಾ ಮಾರಾಯ್ರೇ? ಜೊತೆಗೆ ಬ್ಯಾಟರಿ ಇಲ್ಲದ ಆನ್‌ಗ್ರಿಡ್, ಅಂದರೆ ಕರೆಂಟ್ ಲೈನ್‌ಗೇ ಜೋಡಿಸಿದ ಸೋಲಾರ್ ಆದರೆ ಲೈನ್ ಹೋದಾಗ ಅದೂ ನಿಲ್ಲುತ್ತದೆ. ಹುಡುಗಿ ಹೇಳಿದ ಪಂಪ್‌ಸೆಟ್ ಮಾತು ಮಾತ್ರ ಚುಚ್ಚಿತು, ಒಪ್ಪುತ್ತೇನೆ. ಕಂಬದ ಮಾತು ಬಿಡುವುದಿಲ್ಲ.